ಹತ್ತು ಒಬ್ಬಟ್ಟಿನ ಹಾಡು

ಈಚೆಗೆ ಒಂದು ಮಧ್ಯಾಹ್ನ ರೇಡಿಯೋದಲ್ಲಿ ಆ ಹಾಡು ಬಂತು. ನಾನು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದೆ. ಹಾಡಿದ್ದು ಯಾರೋ ಹೊಸ ಹುಡುಗಿ. ಗಂಟಲೇನೋ ಚೆನ್ನಾಗಿದೆ, ಆದರೆ ಒಬ್ಬಟ್ಟು ತಿಂದವಳ ಹಾಗೆ ಹಾಡಲಿಲ್ಲ. ಹಾಡು ಮುಗಿದ ಮೇಲೆ ಕಾರ್ಯಕ್ರಮ ನಡೆಸುವವರು ಬಹಳ ಗಂಭೀರವಾದ ಧ್ವನಿಯಲ್ಲಿ, ಇದು ತುಂಬಾ ಹಳೆಯ ಜನಪದ ಗೀತೆ, ಕಟ್ಟಿದವರು ಯಾರೆಂದು ತಿಳಿಯದು, ಮೂರು ಭಾಷೆಗಳಲ್ಲಿ ಹಲವರು ಹಾಡಿದ್ದಾರೆ, ಇದರಲ್ಲಿ ಬರುವ ಚೌಡಮ್ಮ ಬಹುಶಃ ಒಬ್ಬ ಗ್ರಾಮದೇವತೆಯಾಗಿರಬೇಕು ಎಂದರು. ನನಗೆ ನಗು ತಡೆಯಲಾಗದೆ ಮಡಿಲಲ್ಲಿದ್ದ ಬೀಜವೆಲ್ಲ ನೆಲದ ಪಾಲಾಯಿತು. ಆ ದೇವತೆ ನಮ್ಮ ಅಕ್ಕನ ಅತ್ತೆ. ಹಾಡು ಕಟ್ಟಿದವಳು ನಮ್ಮ ಅಪ್ಪನ ತಂಗಿ ಗೌರತ್ತೆ. ಆ ದೇವತೆಯನ್ನು ಊರೂರಿಗೆ ಮೆರೆಸಿ, ಅಕ್ಕನ ಸಂಸಾರವನ್ನು ಏಳು ತಿಂಗಳು ಅತಂತ್ರ ಮಾಡಿದವಳು ನಾನು. ಆಗ ನನಗೆ ಎಂಟೋ ಒಂಬತ್ತೋ ವಯಸ್ಸು.

ನಮ್ಮ ಮನೆ ಇದ್ದದ್ದು ಹೊಸೂರಿನಿಂದ ಗಾಡಿಯಲ್ಲಿ ಅರ್ಧ ಹೊತ್ತಿನ ದಾರಿಯ ಒಂದು ಹಳ್ಳಿಯಲ್ಲಿ. ಮಣ್ಣಿನ ಗೋಡೆ, ನಾಡಹೆಂಚು, ಮುಂದೆ ಅಗಲವಾದ ಜಗಲಿ, ಅದರ ಹಿಂದೆ ನಡುಮನೆ. ಅಡಿಗೆಮನೆ ಮಾತ್ರ ಮುಂದಕ್ಕೆ ಚಾಚಿಕೊಂಡಿತ್ತು. ಮನೆ ಕಟ್ಟುವಾಗ ಯಾರ ಲೆಕ್ಕ ತಪ್ಪಿತೋ ಏನೋ, ಅದರ ಕಿಟಕಿ ನೇರವಾಗಿ ಅಂಗಳಕ್ಕೇ ತೆರೆದುಕೊಳ್ಳುತ್ತಿತ್ತು. ಒಲೆಯ ಮುಂದೆ ಕೂತವರಿಗೆ ಅಂಗಳಕ್ಕೆ ಬಂದವರೆಲ್ಲ ಕಾಣುತ್ತಿದ್ದರು, ಬಂದವರಿಗೆ ಒಲೆಯ ಹೊಗೆ ಮಾತ್ರ ಕಾಣುತ್ತಿತ್ತು. ಮನೆಯಲ್ಲಿ ಭಾಷೆ ಮೂರು. ಅಪ್ಪ ತಾಲ್ಲೂಕು ಕಚೇರಿಗೆ ಅಲೆದೂ ಅಲೆದೂ ತಮಿಳು ರೂಢಿ ಮಾಡಿಕೊಂಡಿದ್ದ, ಸಿಟ್ಟು ಬಂದರೆ ಅದರಲ್ಲೇ ಬೈಯುತ್ತಿದ್ದ. ಅವ್ವನ ತವರಿನ ಮಾತು ತೆಲುಗು, ಮುದ್ದು ಬಂದಾಗ ಅದು ಹೊರಗೆ ಬರುತ್ತಿತ್ತು. ಮಿಕ್ಕ ಹೊತ್ತೆಲ್ಲ ಕನ್ನಡ. ಊಟಕ್ಕೆ ಕೂತರಂತೂ ಮೂರೂ ಬೆರೆಯುತ್ತಿದ್ದವು, ಮುದ್ದೆ ಮುರಿಯುವಾಗ ಒಂದು, ಸಾರು ಬಡಿಸುವಾಗ ಒಂದು, ಉಪ್ಪು ಸಾಲದು ಅನ್ನುವಾಗ ಇನ್ನೊಂದು. ಹೀಗೆ ಬೆಳೆದ ನಮಗೆ ಮೂರು ಭಾಷೆ ಅನ್ನುವುದೇ ಗೊತ್ತಿರಲಿಲ್ಲ, ಎಲ್ಲ ಸೇರಿ ಮನೆಯ ಮಾತು ಅಷ್ಟೇ.

ಗೌರತ್ತೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಮದುವೆ ಚಪ್ಪರದೊಳಕ್ಕೆ ಅವಳು ಕಾಲಿಡುವಂತಿರಲಿಲ್ಲ. ಆ ಕಟ್ಟಳೆ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಆದರೆ ಗೌರತ್ತೆ ಉರಿದುಕೊಂಡು ಕೂರುವ ಹೆಂಗಸಲ್ಲ. ಊರಿನಲ್ಲಿ ಯಾರ ಮದುವೆಯಾದರೂ ಬೀಗರ ಪದ ಕಟ್ಟುವವಳು ಅವಳೇ. ಹೆಣ್ಣಿನ ಕಡೆಯ ಹೆಂಗಸರು ಗಂಡಿನ ತಾಯಿಯನ್ನು, ಅಂದರೆ ಬೀಗಿತಿಯನ್ನು, ಊಟಕ್ಕೆ ಕೂರಿಸಿಕೊಂಡು ಹೆಸರು ಹಿಡಿದು ಗೇಲಿ ಮಾಡಿ ಹಾಡುವುದು ನಮ್ಮ ಕಡೆಯ ಪದ್ಧತಿ. ಗೌರತ್ತೆ ಹಳೆಯ ಪದ ಹಾಡಿಸುತ್ತಿರಲಿಲ್ಲ. ಬೀಗಿತಿ ಎಲೆಯ ಮುಂದೆ ಕೂತ ಮೇಲೆ ಅವಳು ತಿನ್ನುವುದನ್ನು, ಸೆರಗು ಸರಿಮಾಡಿಕೊಳ್ಳುವುದನ್ನು ಮದುವೆ ಮನೆಯ ಕಿಟಕಿಯಿಂದ ನೋಡಿ ಆಗಿಂದಾಗಲೇ ಸಾಲು ಕಟ್ಟುತ್ತಿದ್ದಳು. ಕಟ್ಟಿದ ಸಾಲನ್ನು ಚಪ್ಪರದಲ್ಲಿದ್ದ ಹಾಡುವ ಹೆಂಗಸರಿಗೆ ಮುಟ್ಟಿಸಲು ಒಂದು ಮಗು ಬೇಕಿತ್ತು. ಆ ಮಗು ನಾನು. ಒಂದು ಸಾಲು ಬಾಯಲ್ಲಿಟ್ಟುಕೊಂಡು ಓಡಬೇಕು, ಹೇಳಿ ವಾಪಸು ಬಂದು ಇನ್ನೊಂದು ಸಾಲು ಒಯ್ಯಬೇಕು. ನಮ್ಮ ಅಕ್ಕ ರತ್ನಳ ಮದುವೆಯಲ್ಲಿ ಹಾಗೆ ಓಡಿ ಓಡಿ ನನ್ನ ಲಂಗದ ಅಂಚೇ ಹರಿದುಹೋಯಿತು.

ಅಕ್ಕನನ್ನು ಕೊಟ್ಟದ್ದು ಕೃಷ್ಣಗಿರಿಯ ಆಚೆ, ಮಾವಿನ ತೋಪಿನವರ ಮನೆಗೆ. ಬೀಗಿತಿಯ ಹೆಸರು ಚೌಡಮ್ಮ. ಆಳೆತ್ತರದ ಹೆಂಗಸು, ಕಿವಿಯಲ್ಲಿ ಕಾಸಿನಗಲದ ಓಲೆ. ಆಕೆ ಎಲೆಯ ಮುಂದೆ ಕೂತು ಮೊದಲು 'ನಂಗೆ ಹಸಿವೇ ಇಲ್ಲ ಕಣಮ್ಮ' ಅಂದಳು. ಆಮೇಲೆ ತಿಂದಳು ನೋಡಿ! ಗೌರತ್ತೆ ಕಿಟಕಿಯಲ್ಲಿ ಬೆರಳು ಮಡಿಸುತ್ತಾ ಎಣಿಸಿದಳು. ನಾನು ಒಯ್ದು ಕೊಟ್ಟ ಸಾಲುಗಳು ಇವು:

ಬಂದಾಳೆ ಬೀಗಿತಿ ಚೌಡಮ್ಮ
ಬಾಗಿಲಗಲ ಎಲೆ ಹಾಕಿರಮ್ಮ
ಹತ್ತು ಒಬ್ಬಟ್ಟು ಹಂಗೇ ನುಂಗಿ
ಹಸಿವಿಲ್ಲ ಅಂತಾಳೆ ಚೌಡಮ್ಮ

ಚಪ್ಪರವೆಲ್ಲ ನಕ್ಕು ಉರುಳಿತು. ಚೌಡಮ್ಮನೂ ನಕ್ಕಳು, ನಕ್ಕು ನೆತ್ತಿಗೆ ಹತ್ತಿ ನೀರು ಕುಡಿದಳು. ಹೊರಡುವಾಗ ಅಡಿಗೆಮನೆಯ ಕಿಟಕಿಯ ಹತ್ತಿರ ಬಂದು, ಒಳಗೆ ಯಾರಿದ್ದಾರೆಂದು ಕೇಳದೆಯೇ, ಎರಡು ಎಲೆ ಅಡಿಕೆ ಒಳಕ್ಕೆ ಚಾಚಿದಳು. ಪದಕ್ಕೆ ಬೇಜಾರಿಲ್ಲ ಅನ್ನುವುದಕ್ಕೆ ಅದೇ ಗುರುತು. ಮಾರನೆಯ ದಿನ ಹಸಿರು ಚಪ್ಪರ ಬಿಚ್ಚುವಾಗ ಗೌರತ್ತೆ ನನ್ನನ್ನು ಕೂರಿಸಿಕೊಂಡು ಹೇಳಿದಳು:

"ಇನ್ನು ಮ್ಯಾಲೆ ಹಾಡಿದ್ರೆ ಬರೀ ಬೀಗಿತಿ ಅನ್ಬೇಕು. ಚಪ್ಪರ ಬಿಚ್ಚಿದ್ ಮ್ಯಾಲೆ ಹೆಸ್ರೂ ಬಿಚ್ಬೇಕು ಕಣೇ. ಹೆಸ್ರು ಆವತ್ತಿನೂಟದ್ದು. ಊಟ ಆಯ್ತು, ಹೆಸ್ರೂ ಆಯ್ತು."

ಹೂಂ ಅಂದೆ. ಹೂಂ ಅನ್ನುವುದಕ್ಕೇನು, ಸುಲಭ.

ಅದಾದ ಕೆಲವೇ ದಿನಕ್ಕೆ ನಮ್ಮೂರ ಗಂಡಸರಿಗೆ ನಾಟಕದ ಹುಚ್ಚು ಹಿಡಿಯಿತು. ಕಲಿಸಲು ಬೆಂಗಳೂರಿನಿಂದ ಒಬ್ಬ ಹಾರ್ಮೋನಿಯಂ ಮೇಷ್ಟ್ರು ಬಂದರು. ಉಳಿದುಕೊಂಡದ್ದು ನಮ್ಮ ಜಗಲಿಯ ಪಕ್ಕದ ಕೋಣೆಯಲ್ಲಿ. ಬೀಗರ ಪದದ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಗೌರತ್ತೆಗೆ ಹಾಡುವಂತೆ ಹೇಳಿಕಳಿಸಿದರು. ಪರ ಗಂಡಸಿನ ಮುಂದೆ ಹಾಡುವುದುಂಟೇ ಎಂದು ಅವಳು ಬಾಗಿಲು ಮುಂದೆ ಮಾಡಿದಳು. ಮೇಷ್ಟ್ರು ನನ್ನ ಕಡೆ ತಿರುಗಿ, ಹಾಡಿದರೆ ಹಾರ್ಮೋನಿಯಂ ಮೇಲೆ ಬೆರಳಿಡಲು ಬಿಡುತ್ತೇನೆ ಅಂದರು. ಅದರಲ್ಲಿ ಒತ್ತುವ ಬಿಳಿ ಮನೆ ಕಪ್ಪು ಮನೆ ನೋಡಿ ನೋಡಿ ನನ್ನ ಬೆರಳು ಆಗಲೇ ತುರಿಸುತ್ತಿದ್ದವು. ಮೊದಲು ಹೆಸರು ಬಿಟ್ಟೇ ಹಾಡಿದೆ. ಸಾಲು ಕುಂಟಿತು. ಸಾಲಿನ ಕೊನೆಗೆ ಬಂದಾಗ ನಿಲ್ಲಲು ಜಾಗವಿಲ್ಲದೆ ಹಾಡು ತಡಬಡಾಯಿಸಿತು, ಮೇಷ್ಟ್ರಿಗೆ ನಗುವೂ ಬರಲಿಲ್ಲ. ನನಗೆ ಅವಮಾನವಾಯಿತು. ಎರಡನೆಯ ಸಲ ಹೆಸರು ಇಟ್ಟು, ಚಪ್ಪರದ ಹೆಂಗಸರು ಎಳೆದ ಹಾಗೆಯೇ ಎಳೆದು, ಕೈ ತಟ್ಟಿ ಹಾಡಿದೆ. ಮೇಷ್ಟ್ರು ತೊಡೆ ಬಡಿದುಕೊಂಡು ನಕ್ಕರು. ಬರೆದುಕೊಂಡರು. ನಾನು ಆ ಮಧ್ಯಾಹ್ನವೆಲ್ಲ ಹಾರ್ಮೋನಿಯಂ ಕುಟ್ಟಿದೆ. ಅಷ್ಟು ಸಂತೋಷದ ಮಧ್ಯಾಹ್ನ ನನ್ನ ಬಾಲ್ಯದಲ್ಲಿ ಇನ್ನೊಂದಿಲ್ಲ, ಇಂಥ ತಪ್ಪು ಮಾಡುವಾಗ ಇಷ್ಟು ಸಂತೋಷವಾಗಬಾರದಿತ್ತು ಅಷ್ಟೇ.

ಮರುವರ್ಷ ಗೌರಿಹಬ್ಬಕ್ಕೆ ಅಕ್ಕ ತವರಿಗೆ ಬಂದಳು. ಅದೇ ವಾರ ಚಿಕ್ಕಪ್ಪ ಬೆಂಗಳೂರಿನಿಂದ ಒಂದು ಹೊಸ ಹಾಡಿನ ಪ್ಲೇಟು ತಂದ. ಚಿಕ್ಕಪ್ಪನ ಬಗ್ಗೆ ಹೇಳುವುದಾದರೆ ಗ್ರಾಮಾಫೋನಿನ ಬಗ್ಗೆ ಹೇಳಿದರೆ ಸಾಕು. ಊರಿಗೆಲ್ಲ ಇದ್ದದ್ದು ಅದೊಂದೇ, ಅವನು ಅದನ್ನು ಕರುವಿನ ಹಾಗೆ ನೋಡಿಕೊಳ್ಳುತ್ತಿದ್ದ. ಯುದ್ಧದ ಕಾಲವಾದ್ದರಿಂದ ಪ್ಲೇಟಿನ ಮೇಲಿಡುವ ಉಕ್ಕಿನ ಮುಳ್ಳು ಸಿಗುತ್ತಿರಲಿಲ್ಲ. ಬೇಲಿಯಿಂದ ಜಾಲಿಮುಳ್ಳು ಮುರಿದು, ಒಣಗಿಸಿ, ತೀಡಿ, ಅದರಲ್ಲೇ ಹಾಡಿಸುತ್ತಿದ್ದ. ಆವತ್ತು ಅವನು ಹಿಡಿ ತಿರುಗಿಸಿ ಮುಳ್ಳು ಇಟ್ಟ. ನಾಟಕದ ಯಾರೋ ಒಬ್ಬ ಹೆಂಗಸು, ಒಳ್ಳೆ ಗಟ್ಟಿ ಗಂಟಲಿನಲ್ಲಿ, ತಬಲದ ಜೊತೆ ಎತ್ತಿಕೊಂಡಳು: ಬಂದಾಳೆ ಬೀಗಿತಿ ಚೌಡಮ್ಮ. ಅವ್ವನ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು. ಅಕ್ಕನ ಮುಖ ಬಿಳಿಚಿಕೊಂಡಿತು. ಮೇಷ್ಟ್ರಿಗೆ ನಮ್ಮ ಪದ್ಧತಿ ಏನು ಗೊತ್ತು? ಹೆಸರೂ ಹಾಡಿನದೇ ಅಂದುಕೊಂಡು ಪ್ಲೇಟಿಗೆ ಹಾಡುವವಳಿಗೆ ಹಾಗೇ ಕಲಿಸಿಬಿಟ್ಟಿದ್ದರು. ನಾನು ಕಂಬದ ಹಿಂದೆ ಸರಿದು ನಿಂತೆ.

ಮನೆಯವರೆಲ್ಲ ಗೌರತ್ತೆಯನ್ನೇ ಬೈದರು. ಪದ ಕಟ್ಟಿದವಳು ಅವಳು, ಮೇಷ್ಟ್ರು ಕೇಳಿದ್ದೂ ಅವಳನ್ನು. ಅಪ್ಪ ತಮಿಳಿನಲ್ಲೇ ಪೂರ್ತಿ ಬೈದು ಮುಗಿಸಿದ. ಗೌರತ್ತೆ ಒಮ್ಮೆ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅವಳು ನನ್ನ ಹೆಸರು ಎತ್ತದೆ ಒಳಗೆ ಹೋಗಿ ಒಲೆ ಊದತೊಡಗಿದಳು. ಅವತ್ತಿನಿಂದ ಅವಳು ಪದ ಹೇಳುವುದನ್ನೇ ನಿಲ್ಲಿಸಿದಳು. ಬೆಳಿಗ್ಗೆ ರಾಗಿ ಬೀಸುವಾಗ ಕಲ್ಲಿನ ಸದ್ದು ಮಾತ್ರ ಕೇಳುತ್ತಿತ್ತು. ನನಗೆ ಅದೊಂದು ತಡೆಯಲಾಗುತ್ತಿರಲಿಲ್ಲ. ಹೇಳಿಬಿಡೋಣ ಅಂತ ದಿನಾ ಎದ್ದು, ದಿನಾ ಹೇಳದೆ ಮಲಗುತ್ತಿದ್ದೆ.

ಹಬ್ಬವಾಗಿ ಹದಿನೈದು ದಿನವಾದರೂ ಅಕ್ಕನನ್ನು ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ. ಕರೆಯದೆ ಹೆಣ್ಣು ತಾನಾಗಿ ಹೋಗುವಂತಿಲ್ಲ. ದಸರಾ ಹತ್ತಿರವಾದಾಗ ಭಾವ ಒಬ್ಬನೇ ಸೈಕಲ್ಲಿನಲ್ಲಿ ಬಂದ. ಉಳುವ ಎತ್ತು ನೋಡಲು ಬಂದೆ ಎಂದ. ಎತ್ತಿನ ಕಡೆ ತಿರುಗಿಯೂ ನೋಡದೆ ಅಕ್ಕ ಬಡಿಸಿದ ಮುದ್ದೆ, ಅವರೆಕಾಳಿನ ಸಾರು ಉಂಡ. ಉಂಡು ಕೈ ತೊಳೆದ ಮೇಲೆ ಅಪ್ಪನ ಮುಂದೆ ಬಾಯಿ ಬಿಟ್ಟ:

"ಕೃಷ್ಣಗಿರಿ ಪೇಟೇಲಿ ಹೋಟ್ಲೋನು ದಿನಾ ಅದೇ ಪ್ಲೇಟು ಆಕ್ತಾನೆ ಮಾವ. ಅವ್ವ ಮಂಡಿಗೆ ಹೋದ್ರೆ ಹೈಕಳು 'ಹತ್ತು ಒಬ್ಬಟ್ಟು' ಅಂತ ಕೂಗ್ತವೆ. ಕಿವಿ ಮುಚ್ಕೊಂಡು ಬತ್ತಾಳೆ. ಪ್ಲೇಟಿನಾಗೆ ತನ್ನೆಸ್ರು ಇರೋಗಂಟ ಸೊಸೆ ಕರ್ಯೋಕ್ಕೆ ಈ ಬಾಗ್ಲಿಗೆ ಬರಾಕಿಲ್ಲ ಅಂತ ಕುಂತವ್ಳೆ."

"ನೀನೇ ಕರ್ಕೊಂಡೋಗಪ್ಪ, ನಿನ್ ಹೆಂಡ್ತಿ ತಾನೆ?" ಎಂದಳು ಅವ್ವ.

"ನಾನಾ?" ಎಂದ ಭಾವ. ತಾಯಿಯ ಮಾತು ಮೀರಿ ಹೆಂಡತಿಯನ್ನು ಕರೆದೊಯ್ಯಬಹುದೆಂಬ ಯೋಚನೆಯೇ ಅವನಿಗೆ ಬಂದಿರಲಿಲ್ಲವೆಂದು ಕಾಣುತ್ತದೆ. ಮುಂದೆ ತಿಂಗಳಿಗೆರಡು ಸಲ ಎತ್ತು ನೋಡಲು ಬಂದ. ಅಕ್ಕ ಅವನು ಬರುವ ದಿನ ಮಾತ್ರ ಹೂ ಮುಡಿಯುತ್ತಿದ್ದಳು. ಉಳಿದ ದಿನ ನನ್ನ ಪಕ್ಕ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. 

ಚಿಕ್ಕಪ್ಪ ಬೆಂಗಳೂರಿಗೆ ಹೋಗಿ ಮೇಷ್ಟ್ರನ್ನು ಹುಡುಕಿದ. ಮೇಷ್ಟ್ರು ಕೈ ಮುಗಿದು, ಪ್ಲೇಟಿನಲ್ಲಿ ಕೂತ ಹೆಸರನ್ನು ಕೀಳಲು ಬರುವುದಿಲ್ಲ, ಆದರೆ ಹಾಡು ಚೆನ್ನಾಗಿ ಓಡಿದ್ದರಿಂದ ಬೇರೆಯವರೂ ಹಾಡಲಿದ್ದಾರೆ, ಅವರಿಗೆ ಹೇಳಿ ನೋಡುತ್ತೇನೆ ಎಂದರಂತೆ. ದೀಪಾವಳಿಗೆ ತಮಿಳು ಪ್ಲೇಟು ಬಂತು. ನಾವೆಲ್ಲ ಗ್ರಾಮಾಫೋನಿನ ಪೆಟ್ಟಿಗೆಯ ಸುತ್ತ ಕೂತೆವು. ಸುತ್ತಲಿನ ಮಾತೆಲ್ಲ ತಮಿಳು, ನಡುವೆ ಚೌಡಮ್ಮ ಮಾತ್ರ ಚೌಡಮ್ಮನಾಗಿಯೇ ಕೂತಿದ್ದಳು. ಅದನ್ನು ಹಾಡಿದವರು ಬಹಳ ದೊಡ್ಡ ಸಂಗೀತಗಾರರಿರಬೇಕು, ಒಂದೊಂದು ಒಬ್ಬಟ್ಟಿಗೂ ಒಂದೊಂದು ಆಲಾಪನೆ. ಅಪ್ಪನಿಗೆ ಮಾತ್ರ ಅದೇ ಇಷ್ಟವಾಯಿತು. 'ಇದರಲ್ಲಿ ಘನತೆ ಇದೆ' ಎಂದ. 'ಒಬ್ಬಟ್ಟಿಗೆ ಘನತೆ ಯಾಕೆ, ತುಪ್ಪ ಸಾಕು' ಎಂದ ಚಿಕ್ಕಪ್ಪ. ಅಣ್ಣ ತಮ್ಮ ಎರಡು ದಿನ ಮಾತು ಬಿಟ್ಟರು. ಅಕ್ಕನ ಗಂಡನ ಮನೆಯ ಚಿಂತೆ ಒಂದು ಕಡೆ, ಯಾವ ಪ್ಲೇಟು ಮೇಲು ಎಂಬ ಜಗಳ ಒಂದು ಕಡೆ. ಅಷ್ಟು ಕಷ್ಟದಲ್ಲೂ ನಮ್ಮ ಮನೆಯಲ್ಲಿ ನಗು ನಿಂತ ದಿನ ನನಗೆ ನೆನಪಿಲ್ಲ.

ಸಂಕ್ರಾಂತಿ ಕಳೆದು, ಯುಗಾದಿಗೆ ಇನ್ನು ಸ್ವಲ್ಪ ದಿನ ಇದೆ ಅನ್ನುವಾಗ ತೆಲುಗಿನ ಪ್ಲೇಟು ಬಂತು. ಹಾಡಿದವಳು ಎಳೆ ಗಂಟಲಿನ ಹುಡುಗಿ, ಕುಣಿಯುವ ಹಾಗೆ ಹಾಡಿದ್ದಳು. ಬೀಗಿತಿಯ ಹೆಸರು ಮಂಗಮ್ಮ. ಅವ್ವ 'ಅಮ್ಮಯ್ಯ!' ಎಂದು ಅಲ್ಲೇ ಕುಸಿದು ಕೂತಳು. ಚಿಕ್ಕಪ್ಪ ಅದನ್ನು ನಾಲ್ಕು ಸಲ ಹಾಕಿದ, ನಾಲ್ಕು ಸಲವೂ ಮಂಗಮ್ಮನೇ. ಅಕ್ಕ ಬಾವಿಕಟ್ಟೆಗೆ ಹೋಗಿ ಅತ್ತು ಮುಖ ತೊಳೆದುಕೊಂಡು ಬಂದಳು. ಭಾವ ಎತ್ತು ನೋಡಲು ಬಂದಾಗ ಅಪ್ಪ ಹೇಳಿ ಕಳಿಸಿದ: ಹೊಸ ಪ್ಲೇಟಿನಲ್ಲಿ ಹೆಸರಿಲ್ಲ, ಇನ್ನು ಪೇಟೆಯಲ್ಲೂ ಇದೇ ಓಡುತ್ತದೆ, ಬೀಗಿತಿ ಬಂದು ತಮ್ಮ ಕಿವಿಯಾರೆ ಕೇಳಲಿ.

ಚೌಡಮ್ಮ ಬಂದೇ ಬಂದಳು. ಬೆಳಗಿನ ಹೊತ್ತು, ಕಮಾನು ಗಾಡಿ, ಪಕ್ಕದಲ್ಲಿ ಭಾವ. ಕೊಟ್ಟ ನೀರು ಮುಟ್ಟಲಿಲ್ಲ. ಜಗಲಿಯ ಮೇಲೆ ಚಾಪೆ ಹಾಸಿದ್ದರೂ ಕಂಬಕ್ಕೆ ಒರಗಿ ನಿಂತೇ ಇದ್ದಳು. ಅಕ್ಕ ಬಂದು ಕಾಲಿಗೆ ಬಿದ್ದಾಗ ತಲೆ ಸವರಿ, ಚಿಕ್ಕಪ್ಪನ ಕಡೆ ತಿರುಗಿದಳು.

"ಮೊದ್ಲಿಂದ ಆಕಪ್ಪ. ಮೂರೂ ಆಕು. ಊರೋರೆಲ್ಲ ಕೇಳವ್ರೆ, ನಾನೊಬ್ಳೇ ಕೇಳಿಲ್ಲ."

ಚಿಕ್ಕಪ್ಪ ಅವಸರದಲ್ಲಿ ಎರಡು ಜಾಲಿಮುಳ್ಳು ಮುರಿದ. ಮೊದಲ ಪ್ಲೇಟು ಶುರುವಾಯಿತು. ಚೌಡಮ್ಮ ಹುಬ್ಬು ಗಂಟಿಕ್ಕಿಕೊಂಡೇ ಕೇಳಿದಳು. ಮೂರನೆಯ ಸಾಲಿಗೆ ಅವಳ ಓಲೆ ಅಲ್ಲಾಡಿತು. ತಲೆ ತೂಗುತ್ತಿದ್ದಾಳೆಂದು ಗೊತ್ತಾಗಲು ನಮಗೆ ಸ್ವಲ್ಪ ಹೊತ್ತು ಹಿಡಿಯಿತು. ಹಾಡು ಮುಗಿಯುವಷ್ಟರಲ್ಲಿ ಚಾಪೆಯ ಮೇಲೆ ಕೂತಿದ್ದಳು. ತಮಿಳಿನದು ಬಂದಾಗ ಅಪ್ಪನ ಕಡೆ ತಿರುಗಿ ಕೇಳಿದಳು:

"ಯಾಕಣ್ಣ ಹಿಂಗೆ ಅಳ್ತವ್ರೆ? ಒಬ್ಬಟ್ಟು ತಿಂದೋಳು ನಾನು. ನಂಗೇ ಹೊಟ್ಟೆ ನೋಯ್ಲಿಲ್ಲ."

ಅಡಿಗೆಮನೆಯೊಳಗಿಂದ ಯಾರೋ ಕಿಸಕ್ಕೆಂದರು. ಚಿಕ್ಕಪ್ಪ ಧೈರ್ಯ ಬಂದವನಾಗಿ, ಇನ್ನು ಎಲ್ಲ ಸರಿಹೋಯಿತು ಅನ್ನುವ ಠೀವಿಯಿಂದ ತೆಲುಗಿನ ಪ್ಲೇಟು ಇಟ್ಟ. ಚೌಡಮ್ಮ ಮುಂದಕ್ಕೆ ಬಾಗಿ ಕೇಳಿದಳು. ಮಂಗಮ್ಮ ಬಂದಳು. ಮಂಗಮ್ಮನಿಗೆ ಎಲೆ ಹಾಕಿದರು. ಮಂಗಮ್ಮ ಹತ್ತೂ ತಿಂದಳು. ಹಾಡು ನಿಂತು ಪ್ಲೇಟು ಸುಮ್ಮನೆ ತಿರುಗುತ್ತಿದ್ದರೂ ಯಾರೂ ಏಳಲಿಲ್ಲ. ಚೌಡಮ್ಮನ ಮುಖ ಗಾಡಿ ಇಳಿದಾಗ ಇದ್ದುದಕ್ಕಿಂತ ಕೆಟ್ಟಿತ್ತು.

"ಯಾರು ಅವ್ಳು ಮಂಗಮ್ಮ?"

"ಯಾರೂ ಇಲ್ಲ ಬೀಗಿತ್ಯಮ್ಮ, ಸುಮ್ನೆ ಒಂದೆಸ್ರು. ನಿಮ್ಮೆಸ್ರು ತೆಗ್ದವ್ರೆ ಅಲ್ವ, ನೀವು ಹೇಳಿದಂಗೇ..." ಚಿಕ್ಕಪ್ಪ ತೊದಲಿದ.

"ಯಾರೂ ಅಲ್ದೋಳ್ಗೆ ನಮ್ಮ ಪದ ಕೊಟ್ಬುಟ್ರಾ? ಕೃಷ್ಣಗಿರಿ ಮಂಡೀಲಿ ಆಡಿಸ್ಕೊಂಡೋಳು ನಾನು. ಯುಗಾದೀಲಿ ಒಬ್ಬಟ್ಟು ಸುಡೋಕ್ಕೂ ಮೊಖ ಇಲ್ದಂಗೆ ಕುಂತಿರೋಳು ನಾನು. ಈಗ ಹೆಸ್ರು ಮಂಗಮ್ಮಂಗಾ? ಮೊದ್ಲು ಇದ್ನ ಆ ಪೆಟ್ಟಿಗೆಯೋರ್ಗೆ ಕೊಟ್ಟೋರು ಯಾರು, ಅದೇಳಿ."

ಎಲ್ಲರೂ ಅಡಿಗೆಮನೆಯ ಕಡೆ ನೋಡಿದರು. ಕಿಟಕಿಯ ಹಿಂದೆ ಗೌರತ್ತೆ ಎದ್ದು ನಿಂತದ್ದು ಕಂಡಿತು. 'ನಾನೇ ಕಣಮ್ಮ' ಎಂದು ಅವಳು ಬಾಯಿ ತೆರೆಯುತ್ತಿದ್ದಳು. ಏಳು ತಿಂಗಳು ನನ್ನ ತಪ್ಪನ್ನು ಹೊತ್ತವಳು ಅದನ್ನು ಬೀಗಿತಿಯ ಮುಂದೂ ಹೊರಲಿದ್ದಾಳೆ ಎಂದು ಗೊತ್ತಾದಾಗ ನನಗೆ ಎಲ್ಲಿಂದ ಕಾಲು ಬಂದವೋ, ಅವಿತಿದ್ದ ಕಂಬದ ಹಿಂದಿನಿಂದ ಓಡಿಬಂದು ಚಾಪೆಯ ಮುಂದೆ ನಿಂತೆ.

"ಅತ್ತೆ ಅಲ್ಲ. ನಾನು. ಮೇಷ್ಟ್ರಿಗೆ ನಾನೇ ಹಾಡ್ಕೊಟ್ಟೆ. ಹೆಸ್ರು ಬಿಟ್ಟು ಹಾಡು ಅಂದಿದ್ಲು ಅತ್ತೆ. ನಾನೇ ಇಟ್ಟು ಹಾಡ್ದೆ."

ಅಪ್ಪ ಎದ್ದ. ಚೌಡಮ್ಮ ಕೈ ಅಡ್ಡ ಮಾಡಿ ಅವನನ್ನು ಕೂರಿಸಿದಳು.

"ಯಾಕಿಟ್ಟೆ?"

ಸುಳ್ಳು ಹೊಳೆಯಲಿಲ್ಲ. "ನಿಮ್ಮೆಸ್ರು ಇಲ್ದೆ ಚೆನ್ನಾಗಿರ್ಲಿಲ್ಲ" ಎಂದೆ, ಎಂದು ಅಳತೊಡಗಿದೆ.

ಚೌಡಮ್ಮ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ತನ್ನ ಸೆರಗಿನಿಂದಲೇ ನನ್ನ ಮೂಗು ಒರೆಸಿದಳು, ಚರ್ಮ ಕಿತ್ತುಬರುವ ಹಾಗೆ. ಅಕ್ಕನ ಕಡೆ ತಿರುಗಿ 'ನೀನಿನ್ನೂ ಕುಂತಿದೀಯಾ? ಗಂಟು ಕಟ್ಟಮ್ಮ' ಅಂದಳು. ಅಕ್ಕ ಎದ್ದ ರಭಸಕ್ಕೆ ನೀರಿನ ಚೊಂಬು ಉರುಳಿತು. ಭಾವ ಯಾರೂ ಹೇಳದೆಯೇ ಎತ್ತು ಕಟ್ಟಲು ಓಡಿದ. ಚೌಡಮ್ಮ ಚಕ್ಕಳಮಕ್ಕಳ ಹಾಕಿಕೊಂಡು ಕೂತು, ಗ್ರಾಮಾಫೋನನ್ನು ಕಾಲಿನಿಂದ ಒಂದಿಷ್ಟು ಆಚೆ ತಳ್ಳಿ, ನನಗೆ ಹೇಳಿದಳು:

"ಈಗ ನೀನು ಹಾಡು. ಹೆಸ್ರು ಇಟ್ಟು."

ಬಿಕ್ಕುತ್ತಲೇ ಶುರುಮಾಡಿದೆ. ಎರಡನೆಯ ಸಾಲಿಗೆ ಬಿಕ್ಕು ನಿಂತಿತು. ಕಿಟಕಿಯೊಳಗಿಂದ ಗೌರತ್ತೆಯ ಗಂಟಲು ಮೆಲ್ಲನೆ ಸೇರಿಕೊಂಡಿತು. ಏಳು ತಿಂಗಳಾಗಿತ್ತು ಆ ಗಂಟಲು ಕೇಳಿ. ನನಗೆ ಜೋಶು ಬಂದು, ಕೈ ತಟ್ಟಿ, ಮೂರನೆಯ ಸಾಲನ್ನು ಚಪ್ಪರದ ಹೆಂಗಸರ ಹಾಗೆಯೇ ಎತ್ತರಕ್ಕೆ ಎತ್ತಿದೆ: ಹತ್ತು ಒಬ್ಬಟ್ಟು...

"ನಿಲ್ಸು," ಎಂದಳು ಚೌಡಮ್ಮ.

ನಿಲ್ಲಿಸಿದೆ. 

"ಹತ್ತಲ್ಲ ಕಣೇ, ಹನ್ನೆರ್ಡು. ಕಿಟ್ಕಿಯಿಂದ ಎಣಿಸ್ದೋಳು ಎಲ್ಡು ಬಿಟ್ಟವ್ಳೆ. ಹಾಡೋದಾದ್ರೆ ಸರ್ಯಾಗಿ ಹಾಡು."

ಆಮೇಲೆ ನಾನು ಮೂವತ್ತು ವರ್ಷ ಶಾಲೆಗಳಲ್ಲಿ ಹಾಡು ಕಲಿಸಿ ಬದುಕಿದೆ. ಪ್ಲೇಟುಗಳಲ್ಲಿ, ರೇಡಿಯೋದಲ್ಲಿ, ಆ ಹಾಡು ಹಾಡಿದವರೆಲ್ಲ ಇಂದಿಗೂ ಹತ್ತು ಎಂದೇ ಹಾಡುತ್ತಾರೆ. ಎಲ್ಲಾದರೂ ಯಾವುದಾದರೂ ಮಗು ಹನ್ನೆರಡು ಎಂದು ಹಾಡಿದರೆ, ಅದು ನನ್ನ ಹತ್ತಿರ ಕಲಿತದ್ದು.